ಚಾವಿ ಅಂತ ಹೇಳಿದ್ದರು

ನವೆಂಬರ್ 3, ಸೋಮವಾರ

ಇವತ್ತೂ ಹುಟ್ಟು ಹಾಕಿಯೇ ದಾಟಿಸಿದೆ. ಹೋಗಲು ಐವತ್ತು ನಿಮಿಷ, ಬರಲು ಒಂದು ತಾಸು ಹತ್ತು ನಿಮಿಷ. ಸಂಜೆ ಗಾಳಿ ಎದುರು. ಅಂಗೈಯ ಗುಳ್ಳೆಗಳು ಒಡೆದಿವೆ. ಅರಿಷಿಣ ಎಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದೇನೆ, ಪುಟಕ್ಕೆಲ್ಲ ಹಳದಿ.

ದೋಣಿಯಲ್ಲಿ ಏಳು ಹೆಣ್ಣಾಳು. ಕಡಲೆಯ ಕಸ ತೆಗೆಯಲಿಕ್ಕೆ. ಅರ್ಧ ನೀರಿನಲ್ಲಿ ಕೆಂಚವ್ವ ಅಂದಳು — "ಯಣ್ಣಾ, ನೀ ಹಿಂಗ ಹುಟ್ಟ ಹಾಕಿದ್ರ ನಾವು ಹೊಲ ಮುಟ್ಟೂದ್ರಾಗ ಕಡ್ಲಿ ಕಾಯಿ ಕಟ್ಟಿರತೈತಿ." ಎಲ್ಲರೂ ನಕ್ಕರು.

ನಕ್ಕ ಜಾಗ ಅದೇ. ತಮ್ಮ ಸುಭಾಸ ಹೋದದ್ದು ಅಲ್ಲೇ. ಇವತ್ತಿಗೆ ಐವತ್ತು ದಿನ. ನಗಲಿ. ದಿನಾ ದಾಟುವವರಿಗೆ ದಿನಾ ಅಳಲಿಕ್ಕೆ ಆಗುವುದಿಲ್ಲ. ಆದರೂ ಸಿಟ್ಟು ಬಂತು. ಹುಟ್ಟು ಜೋರಾಗಿ ಹಾಕಿದೆ, ಎಲ್ಲರ ಸೀರೆ ತೋಯ್ದವು.

ಡ್ಯಾಮು ಕಟ್ಟಿದಾಗ ನಮ್ಮ ಮನೆ ಈ ಕಡೆ ಉಳಿಯಿತು, ಹೊಲ ಆ ಕಡೆ. ಮುನವಳ್ಳಿ ಸುತ್ತಿ ಹೋದರೆ ಒಂದೂವರೆ ತಾಸು, ಅದೂ ಗಾಡಿ ಸಿಕ್ಕರೆ. ದೋಣಿ ಇಲ್ಲದೆ ನಡೆಯದು. ಮೋಟರ್ ಇಲ್ಲದೆ ಐವತ್ತೆಂಟು ವರ್ಷದ ನನ್ನ ರಟ್ಟೆ ಎಷ್ಟು ದಿನ.

ರಾತ್ರಿ ಊಟಕ್ಕೆ ಬಡಿಸುತ್ತ ವಿಜಯ ಅಂದಳು. ಸುಭಾಸನ ಹೆಂಡತಿ. ಐವತ್ತು ದಿನದಲ್ಲಿ ಇಷ್ಟು ಉದ್ದ ಮಾತಾಡಿದ್ದು ಇವತ್ತೇ.

"ಭಾವಾರ, ಆ ಹಳೇ ಮೋಟರ್ ಮತ್ತ ನೀರಿಗೆ ಇಳೀಬಾರದು. ಹೊಸಾದ ತರ್ರಿ. ಎಳ್ಳ ಅಮಾಸಿಗೆ ನಾ ಹೊಲಕ್ಕ ಹೋಗಿ ಭೂಮಿತಾಯಿಗೆ ಎಡಿ ಮಾಡಿ ಚರಗಾ ಚೆಲ್ಲಬೇಕು. ಪ್ರತಿ ವರ್ಷ ಅವರ ಚೆಲ್ಲತಿದ್ರು."

"ಓಡಸೂದು ಯಾರು?"

"ನಾ," ಅಂದಳು ಶಿವಾನಿ. ಅವರ ಮಗಳು. ಇಪ್ಪತ್ತೆರಡು. ಅಪ್ಪ ಕಲಿಸಿದ್ದಾನೆ.

ಯಾವ ಅಂಗಡಿಯಿಂದ ತರುವುದು ಅನ್ನುವ ಯೋಚನೆ ತಲೆಗೆ ಬಂತು. ಅಮಾಸಿ ಡಿಸೆಂಬರ್ 19ಕ್ಕೆ.

ನವೆಂಬರ್ 4

ನಡೆದದ್ದನ್ನು ಒಮ್ಮೆಯೂ ಬರೆದಿಲ್ಲ. ಬರೆದುಬಿಡುತ್ತೇನೆ.

ಸೆಪ್ಟೆಂಬರ್ 14, ಸಂಜೆ ಐದೂವರೆ. ಸುಭಾಸ ದೋಣಿಯ ಹಿಂದೆ ಮೋಟರಿನ ಹಿಡಿಕೆ ಹಿಡಿದು ನಿಂತಿದ್ದ. ಎದುರಿಗೆ ಮರದ ಬೊಡ್ಡೆ ತೇಲಿ ಬಂತು. ಹಿಡಿಕೆ ಒಮ್ಮೆಲೇ ತಿರುಗಿಸಿದ, ತೋಲ ತಪ್ಪಿ ಬಿದ್ದ. ಈಜು ಬರುತ್ತಿತ್ತು. ಬಿದ್ದವನು ನೀರಿನಲ್ಲಿ ನಕ್ಕ ಅನ್ನುತ್ತಾಳೆ ಕೆಂಚವ್ವ. ಹಿಡಿಯುವವರಿಲ್ಲದ ಮೋಟರ್ ದೋಣಿಯನ್ನು ದುಂಡಗೆ ತಿರುಗಿಸಿತು. ಒಂದು ಸುತ್ತು. ಎರಡನೇ ಸುತ್ತಿಗೆ ಅವನ ಮೇಲೆ ಬಂತು.

ಅಷ್ಟೇ.

ಮೋಟರ್ ಬಂದ್ ಮಾಡುವುದು ಹೆಂಗಸರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಂಚವ್ವ ಕೈಗೆ ಸಿಕ್ಕಿದ್ದೆಲ್ಲ ಜಗ್ಗಿದಳು. ಮೋಟರಿಗೆ ತೂಗುವ ಕೆಂಪು ದಾರವನ್ನೂ ಜಗ್ಗಿದಳು. ಬರಲಿಲ್ಲ. ಅದರ ಕ್ಲಿಪ್ಪಿಗೆ ತಂತಿ ಬಿಗಿದಿತ್ತು.

ಪಂಚನಾಮೆಯ ದಿನ ಮೀನುಗಾರಿಕೆಯ ಸಾಹೇಬರು ಬಂದಿದ್ದರು. ಎಲ್ಲರ ಮುಂದೆ ಹೇಳಿದರು. ಆ ಕೆಂಪು ದಾರ ಓಡಿಸುವವನ ಕೈಗೆ ಕಟ್ಟುವುದಂತೆ. ಅವನು ಬಿದ್ದರೆ ದಾರ ಜಗ್ಗಿ ಕ್ಲಿಪ್ ಕಳಚುತ್ತದೆ, ಮೋಟರ್ ಅಲ್ಲೇ ನಿಲ್ಲುತ್ತದೆ. ನಾವು ಹನ್ನೊಂದು ವರ್ಷ ಅದನ್ನು ಚಾವಿ ಅಂದುಕೊಂಡಿದ್ದೆವು. ಅಂಗಡಿಯವರು ಹಾಗೇ ಹೇಳಿ ಕೊಟ್ಟಿದ್ದರು. ಇದು ಚಾವಿ, ಕಳೀಬ್ಯಾಡ್ರಿ.

ಕೆಂಚವ್ವ ಅವತ್ತೇ ದಂಡೆಯಲ್ಲಿ ನಿಂತು ಮಣ್ಣು ತೂರಿದಳು — "ಯಾವ ಮಬ್ಬ ಆ ತಂತಿ ಬಿಗದಾನೋ, ಅವನ ಕೈ ಸೇದಿ ಹೋಗ್ಲಿ." ಮೋಟರ್ ರಿಪೇರಿ ಮಾಡುತ್ತಿದ್ದವನು ಮುನವಳ್ಳಿಯ ಭರಮಪ್ಪ. ಊರೆಲ್ಲ ಅವನ ಹೆಸರು ಹಿಡಿಯಿತು. ನಮ್ಮೂರಿನ ಒಂದು ಪಂಪಸೆಟ್ಟೂ ಈಗ ಅವನ ಅಂಗಡಿಗೆ ಹೋಗುವುದಿಲ್ಲ. ಸವದತ್ತಿಗೆ ಒಯ್ಯುತ್ತಾರೆ.

ಹಾಗೇ ಆಗಬೇಕು. ಮಷಿನ್ ಮುಟ್ಟುವವನಿಗೆ ಅದು ಏನಂತ ಗೊತ್ತಿರಬೇಕಿತ್ತು. ಎಷ್ಟು ಸಲ ಬಿಚ್ಚಿದ್ದಾನೆ, ಎಷ್ಟು ಸಲ ಜೋಡಿಸಿದ್ದಾನೆ. ಆ ತಂತಿ ಕಣ್ಣಿಗೆ ಬೀಳಲಿಲ್ಲವೇ.

ನವೆಂಬರ್ 8, ಶನಿವಾರ

ಬೆಳಗಾವಿ. ಹನ್ನೊಂದು ವರ್ಷದ ಹಿಂದೆ ಮೋಟರ್ ತಂದ ಅದೇ ಅಂಗಡಿ. ಹೋಗಬಾರದು ಅಂದುಕೊಂಡೇ ಹೋದೆ. ಮುಖ ನೋಡಬೇಕಿತ್ತು.

ಆಗ ಗಲ್ಲಾದಲ್ಲಿ ಕುಳಿತಿದ್ದವರು ತೀರಿಕೊಂಡಿದ್ದಾರೆ. ಈಗ ಮಗ, ಕೌಶಿಕ. ಗಾಜಿನ ಬಾಗಿಲು, ಎಸಿ. ನೀರಿನ ಬಾಟ್ಲಿ ಕೊಟ್ಟ.

"ಕಾಕಾ, ಹಳೇ ಗಿರಾಕಿ ಅಂದ್ರ ಮನೀ ಮಂದಿ ಇದ್ದಂಗ. ಯಾವುದು ಬೇಕು ಹೇಳ್ರಿ ಅಷ್ಟ."

ಮೋಟರುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೊರಳಿಗೂ ಕೆಂಪು ದಾರ. ಗೊತ್ತಿಲ್ಲದವನ ಹಾಗೆ ಕೇಳಿದೆ. ಇದು ಏನು.

"ಅದಾ? ಚಾವಿ ರೀ. ಅದಿಲ್ಲಂದ್ರ ಚಾಲೂ ಆಗಂಗಿಲ್ಲ. ಕಳೀಬ್ಯಾಡ್ರಿ ಮತ್ತ."

ಅಕ್ಷರ ಬದಲಾಗಿಲ್ಲ. ಅಪ್ಪನ ಬಾಯಿಂದ ಮಗನ ಬಾಯಿಗೆ ಹಾಗೇ ಬಂದಿದೆ.

"ಕೈಗೆ ಕಟ್ಟಬೇಕಲ್ಲ?" ಅಂದೆ.

"ಕಟ್ಟಬಹುದ್ರಿ. ಯಾರ ಕಟ್ಟತಾರ? ಪುಸ್ತಕದಾಗ ಎಲ್ಲಾ ಬರದಿರತೈತಿ."

ಸಿಟ್ಟು ಬಂತು. ಬಾಟ್ಲಿಯ ಮುಚ್ಚಳ ತಿರುವಿದೆ, ಅಷ್ಟೇ. ನನ್ನದು ಮೊದಲಿನಿಂದ ಹಾಗೇ. ಬೈಯಬೇಕಾದ ಮಾತು ಬಸ್ಸಿನಲ್ಲಿ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಏನಾಯಿತು ಅಂತ ಅವನಿಗೆ ಹೇಳಲೂ ಇಲ್ಲ.

ಅವನು ಮಾತಾಡುತ್ತಲೇ ಇದ್ದ. "ಹಳೇದು ನಮಗ ಹಾಕ್ರಿ. ಗಾಡಿ ನಾನ ಕಳಸ್ತೇನಿ. ಹೊಸಾದ ಇಳಿಸಿ ಹಳೇದ ಎತಗೊಂಡ ಬರತಾರ. ಸೀದಾ ಗುಜರಿಗೆ. ನಿಮ್ಮ ಕಣ್ಣ ಮುಂದ ಇರಂಗಿಲ್ಲ."

ನಮ್ಮ ದೋಣಿ ಎಷ್ಟು ದೊಡ್ಡದು ಅಂತ ಸಹ ಕೇಳಲಿಲ್ಲ.

ಬೈಲಹೊಂಗಲದ ತನಕ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಆದರೆ ಅವನ ಕೊನೆಯ ಮಾತು ತಲೆಯಿಂದ ಹೋಗಲಿಲ್ಲ. ಕಣ್ಣ ಮುಂದೆ ಇರುವುದಿಲ್ಲ.

ನವೆಂಬರ್ 13, ಗುರುವಾರ

ಹುಬ್ಬಳ್ಳಿ. ಎರಡು ಖೋಲಿಯ ಅಂಗಡಿ, ಮುಂದೆ ಮಾರಾಟ, ಹಿಂದೆ ರಿಪೇರಿ. ನಡೆಸುವವರು ಹೆಣ್ಣುಮಗಳು, ವರದಾ ಅಂತ. ಐವತ್ತರ ಮೇಲೆ. ಕನ್ನಡಕಕ್ಕೆ ದಾರ, ಉಗುರಿನಲ್ಲಿ ಗ್ರೀಸು. ಕೂಡ್ರಿ ಅಂತ ಅನ್ನುವ ಮೊದಲೇ ಕೇಳಿದರು.

"ದೋಣಿ ಎಷ್ಟು ಫೂಟು? ಮೋಟರ್ ಕೂಡೋ ಹಲಗಿ ಎಷ್ಟು ಎತ್ತರ ಅದ?"

"ಅಳತಿ ತಂದಿಲ್ರಿ."

"ಕನ್ಯಾ ನೋಡ್ಲಿಕ್ಕೆ ಬಂದು ವರ ಯಾರು ಅಂದ್ರ ಗೊತ್ತಿಲ್ಲ ಅಂದಂಗಾತು. ಹಲಗಿ ತಗ್ಗಿದ್ರ ಒಂದು ಮೋಟರ್, ಎತ್ತರ ಇದ್ರ ಒಂದು ಮೋಟರ್. ಹಳೇ ದೋಣಿಗೆ ಭಾರದ್ದು ಹಾಕಿದ್ರ ಹಿಂದ ಕುಂಡಿ ಊರ್ತದ. ಓಡಸೋರು ಯಾರು?"

"ತಮ್ಮನ ಮಗಳು."

"ಈಜು?"

"ಬರತೈತಿ."

"ಹಳೇದಕ್ಕ ಏನಾಗ್ಯದ?"

"ಹಳೇದಾಗೈತ್ರಿ."

ಕನ್ನಡಕದ ಮೇಲಿಂದ ನೋಡಿದರು. "ಹಳೇದಾಗೋದು ರೋಗ ಅಲ್ರೀ. ಏನಾಗ್ಯದ ಅಂತ ಕೇಳಿದೆ."

ಗೋಡೆಗೆ ಸಾಲಾಗಿ ನಿಂತ ಮೋಟರುಗಳ ಕಡೆ ತಿರುಗಿದೆ.

ಆಗ ಒಂದು ಮೋಟರಿನ ಕೆಂಪು ದಾರ ಬಿಚ್ಚಿದರು. ಕೈ ಕೊಡ್ರಿ ಅಂದು, ನನ್ನ ಉತ್ತರಕ್ಕೂ ಕಾಯದೆ ಮಣಿಕಟ್ಟಿಗೆ ಸುತ್ತಿದರು. "ಹಿಂದ ಸರೀರಿ." ಸರಿದೆ. ಟಕ್ ಅಂತ ಕ್ಲಿಪ್ ಕಳಚಿತು. ಅಷ್ಟೇ ಸಪ್ಪಳ. "ಮೊದಲನೇ ಪಾಠ ಇದು. ಬಾಕಿದ್ದೆಲ್ಲ ಆಮ್ಯಾಲೆ."

ಹನ್ನೊಂದು ವರ್ಷದ ಹಿಂದೆ ಯಾರಾದರೂ ಹೀಗೆ ಒಮ್ಮೆ ಕೈ ಹಿಡಿದಿದ್ದರೆ.

ಮೋಟರ್ ಕೊಡುತ್ತೀರೇನು ಅಂದೆ.

"ದೋಣಿ ನೋಡದ, ಹಳೇ ಮೋಟರ್ ನೋಡದ ನಾ ಕೊಡೂದಿಲ್ಲ. ಹಳೇದನ್ನ ನೋಡಿದ್ರ ಓಡಿಸಿದೋರು ಎಂಥವರು ಅಂತ ತಿಳೀತದ. ಒಂದು ಭಾನುವಾರ ಬರ್ತೀನಿ. ನಿಮ್ಮ ಕಡೀ ಮೆಕ್ಯಾನಿಕ್‌ಗೂ ಬರ ಹೇಳ್ರಿ, ಅವರಿಗೂ ತೋರಿಸಬೇಕು."

ದಾರ ಬಿಚ್ಚಿ ಕೊಟ್ಟು ಬಂದೆ.

ನವೆಂಬರ್ 14

ನಿದ್ದೆ ಇಲ್ಲ. ಕೊಳ್ಳುವವನು ನಾನು, ಪರೀಕ್ಷೆ ಮಾಡುವವರು ಅವರು. ಓಡಿಸಿದವರು ಎಂಥವರಂತೆ. ಸತ್ತವನಿಗೆ ಇವರು ಮಾರ್ಕ್ಸ್ ಕೊಡುತ್ತಾರೇನು.

ಮನೆಯಲ್ಲಿ ಹೇಳಿದೆ, ಬೆಳಗಾವಿಯದೇ ಆಗಲಿ ಅಂತ. ಹಳೇದನ್ನೂ ಒಯ್ಯುತ್ತಾರೆ, ಅಮಾಸಿಯ ಮೊದಲೇ ಸಿಗುತ್ತದೆ.

ಶಿವಾನಿ ತಾಟು ಸರಿಸಿದಳು. "ಅದೇ ಅಂಗಡ್ಯಾಗ? ಚಾವಿ ಅಂತ ಹೇಳಿ ಕೊಟ್ಟವರ ಕಡೆ? ದೊಡ್ಡಪ್ಪ, ನಿನಗೇನಾಗೈತಿ?"

"ಹುಬ್ಬಳ್ಳಿಯವರದು ಬಾಯಿ ಭಾಳ."

"ಬಾಯಿ ಇದ್ದವರ ಬೇಕಾಗಿತ್ತು ನಮಗ."

ವಿಜಯ ಮಾತ್ರ, ದೊಡ್ಡವರು ಹೇಳಿದಂತೆ ಅಂದಳು. ಅದು ಇನ್ನೂ ಕಷ್ಟ.

ಕೌಶಿಕನಿಗೆ ಫೋನ್ ಮಾಡಿ ಆರ್ಡರ್ ಹೇಳಿದೆ.

ನವೆಂಬರ್ 19, ಬುಧವಾರ

ಮುನವಳ್ಳಿಯಲ್ಲಿ ಭರಮಪ್ಪ ಎದುರಾದ. ತಪ್ಪಿಸಿಕೊಂಡು ಹೋಗುವಷ್ಟರಲ್ಲಿ ನೋಡಿಬಿಟ್ಟ. ಅಂಗಡಿಯಿಂದ ಓಡಿ ಬಂದ. ಸೊರಗಿದ್ದಾನೆ.

"ಕಾಡಪ್ಪಣ್ಣ, ಒಂದ ಮಾತು. ಆ ತಂತಿ ನಾನ ಬಿಗದಿರಬೇಕ್ರಿ. ನೆನಪ ಬರವಲ್ದು. ವರ್ಷಕ್ಕ ನೂರಾರು ಮಷಿನ್ ಕೈಯಾಗ ಹಾದ ಹೊಕ್ಕಾವ. ನೆನಸಿ ನೆನಸಿ ತಲಿ ಕೆಟ್ಟ ಹೋಗೈತಿ. ಆದ್ರ ಮಂದಿ ಎಲ್ಲಾ ಅಂತಾರ ಅಂದಮ್ಯಾಲೆ ನಾನ ಇರಬೇಕು."

ನಾನು ಏನು ಅಂದೆ? "ಹೋಗಲಿ ಬಿಡು" ಅಂದೆ.

ಕ್ಷಮಿಸಿದವನ ಹಾಗೆ. ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ನಡು ರಸ್ತೆಯಲ್ಲಿ.

ತಂತಿ ಬಿಗಿದದ್ದು ನಾನು.

ಬರೆದೆ. ಕಾಡಪ್ಪ ಬಿಗಿದದ್ದು. ಎಂಟು ವರ್ಷದ ಹಿಂದೆ. ಗಾಳಿಯ ದಿನ ಅರ್ಧ ನೀರಿನಲ್ಲಿ ಆ ಕ್ಲಿಪ್ ತಾನೇ ಕಳಚಿ ಬಿತ್ತು. ಮೋಟರ್ ನಿಂತಿತು. ಕತ್ತಲಾಗುವ ತನಕ ಹುಡುಕಿದೆವು, ದೋಣಿಯ ತಳದಲ್ಲಿ ಸಿಕ್ಕಿತು. ಮರುದಿನ ಬೈಂಡಿಂಗ್ ವಾಯರ್ ತಗೊಂಡು ಮೂರು ಸುತ್ತು ಸುತ್ತಿ, ಪಕ್ಕಡದಿಂದ ತಿರುವಿ ಬಿಗಿದೆ. ಚಾವಿ ಕಳೆಯಬಾರದಲ್ಲ. ಸುಭಾಸ ನೋಡಿ "ಅಣ್ಣನ ಕೆಲಸ ಅಂದ್ರ ಪಕ್ಕಾ" ಅಂದಿದ್ದ. ದೀಪಾವಳಿ ಪಾಡ್ಯದ ದಿನ ಮೋಟರಿಗೆ ಪೂಜೆ ಮಾಡುವಾಗ ಆ ತಂತಿಗೂ ಕುಂಕುಮ ಹಚ್ಚುತ್ತಿದ್ದೆವು.

ಸುಭಾಸನ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಡಿಸೆಂಬರ್ 2

ಹದಿಮೂರು ದಿನ ಬರೆಯಲಿಲ್ಲ. ಬರೆದದ್ದನ್ನು ಹರಿದು ಹಾಕಬೇಕು ಅಂತ ಎರಡು ಸಲ ತೆಗೆದೆ. ಹರಿಯಲಿಲ್ಲ.

ಕೌಶಿಕ ಹೇಳಿದ ಪುಸ್ತಕ ಹುಡುಕಿದೆ. ಸಂದೂಕದಲ್ಲಿ ಹೊಲದ ಉತಾರಿನ ಕಾಗದಗಳ ಕೆಳಗೆ ಇತ್ತು. ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿಲ್ಲ. ಎಲ್ಲ ಇಂಗ್ಲಿಷ್. ನಾನು ಓದಿದ್ದು ಏಳನೆತ್ತ, ಇಂಗ್ಲಿಷ್ ಬಾರದು. ಬರೆದರೆ ಏನು ಉಪಯೋಗ, ಓದುವವರು ಯಾರು ಅಂತ ಅವರ ಮೇಲೆ ಸಿಟ್ಟು ಮಾಡಲು ಸಿದ್ಧನಾಗಿಯೇ ತೆಗೆದೆ.

ಮೊದಲ ಹಾಳೆಗಳಲ್ಲೇ ಚಿತ್ರ. ದೋಣಿಯಲ್ಲಿ ಒಬ್ಬ ಮನುಷ್ಯ. ಕೈಗೆ ದಾರ. ಪಕ್ಕದಲ್ಲಿ ಇನ್ನೊಂದು ಚಿತ್ರ, ಅದೇ ಮನುಷ್ಯ ನೀರಿಗೆ ಬೀಳುತ್ತಿದ್ದಾನೆ, ದಾರ ಕಳಚಿದೆ.

ಇದಕ್ಕೆ ಯಾವ ಇಂಗ್ಲಿಷ್ ಬೇಕು.

ಹನ್ನೊಂದು ವರ್ಷ ನಮ್ಮ ಮನೆಯಲ್ಲೇ ಇತ್ತು. ಜೋಪಾನ ಮಾಡಿಟ್ಟವನೂ ನಾನೇ.

ಡಿಸೆಂಬರ್ 6, ಶನಿವಾರ, ಬೆಳಿಗ್ಗೆ ಏಳು

ನಿನ್ನೆ ಕೌಶಿಕನ ಫೋನ್. ಸೋಮವಾರ ಗಾಡಿ ಬರುತ್ತದೆ, ಹಳೇದು ಹೊರಗೆ ತೆಗೆದಿಡಿ ಅಂದ.

ಇವತ್ತು ಐದೂವರೆಗೆ ಎದ್ದು ಪಕ್ಕಡ ತಗೊಂಡು ದನದ ಕೊಟ್ಟಿಗೆಗೆ ಹೋದೆ. ಮೋಟರ್ ಅಲ್ಲಿ ಗೋಣಿಚೀಲದ ಕೆಳಗಿದೆ. ಚೀಲ ಸರಿಸಿದೆ. ತಂತಿ ತುಕ್ಕು ಹಿಡಿದು ಕೆಂಪಾಗಿದೆ. ಎರಡು ಕಡೆ ಕತ್ತರಿಸಿದರೆ ಸಾಕು. ಗುಜರಿಗೆ ಹೋಗುವ ಮೋಟರಿಗೆ ತಂತಿ ಇದ್ದರೇನು, ಇಲ್ಲದಿದ್ದರೇನು. ಆದರೂ ಕತ್ತರಿಸಲು ಹೋಗಿದ್ದೆ.

ಸೆಗಣಿ ಬುಟ್ಟಿ ಹಿಡಿದು ವಿಜಯ ಬಂದಳು. ಪಕ್ಕಡ ನೋಡಿದಳು.

"ಬಿಡ್ರಿ ಭಾವಾರ. ಕತ್ತರಿಸಬ್ಯಾಡ್ರಿ. ಆ ಭರಮಪ್ಪಗ ಒಂದ ಸಲಾ ಇದನ್ನ ತೋರಸಬೇಕಾಗೈತಿ ನನಗ. ಮುಟ್ಟಿಸಬೇಕಾಗೈತಿ."

ಆಕೆ ಅಳಲಿಲ್ಲ. ಬುಟ್ಟಿ ತುಂಬಿಕೊಂಡು ಹೋದಳು. ನಾನು ಪಕ್ಕಡ ಹಿಡಿದು ಎಮ್ಮೆಯ ಪಕ್ಕ ನಿಂತಿದ್ದೆ.

ಡಿಸೆಂಬರ್ 7

ಬೆಳಗಾವಿಗೆ ಫೋನ್ ಮಾಡಿ ಬೇಡ ಅಂದೆ. "ಕಾಕಾ, ಮಾತು ಕೊಟ್ಟಿದ್ರಿ" ಅಂದ. ಅವನಿಗೆ ಇವತ್ತು ಹೇಳಿದೆ. ನೀವು ಚಾವಿ ಅಂದಿರಿ, ನಾವು ಚಾವಿ ಅಂತ ಇಟ್ಟುಕೊಂಡೆವು, ನನ್ನ ತಮ್ಮ ಸತ್ತ. ಅವನು ಅಂದ — "ಅದಕ್ಕ ನಾ ಏನ ಮಾಡ್ಲಿ ಹೇಳ್ರಿ."

ಫೋನ್ ಇಟ್ಟೆ. ಮುಂದಿನ ಗಿರಾಕಿಗಾದರೂ ಚಾವಿ ಅನ್ನಬೇಡ ಅನ್ನುವುದು ಮರೆತೆ.

ನಂತರ ಹುಬ್ಬಳ್ಳಿಗೆ ಮಾಡಿದೆ. ಬರ್ರಿ ಅಂದೆ. ಹಳೇ ಮೋಟರ್ ಇಲ್ಲೇ ಇದೆ, ಹೇಗಿತ್ತೋ ಹಾಗೇ ಇದೆ ಅಂದೆ. ಹದಿನಾಲ್ಕಕ್ಕೆ ಬರುತ್ತಾರೆ. ಭರಮಪ್ಪನಿಗೂ ಹೇಳಿ ಕಳಿಸಿದೆ. ಮನೆಯಲ್ಲಿ ಯಾಕೆ ಬದಲಾಯಿಸಿದೆ ಅಂದರೆ ಹಲಗೆಯ ಎತ್ತರ ಅಂತ ಏನೋ ಹೇಳಿದೆ.

ಡಿಸೆಂಬರ್ 14, ಭಾನುವಾರ

ವರದಾ ಅವರು ಹತ್ತಕ್ಕೇ ಬಂದರು. ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದು ದೋಣಿಯನ್ನು ತಟ್ಟಿ ನೋಡಿದರು. ಹಲಗೆಯ ಒಂದು ಮೂಲೆ ಮೆತ್ತಗಾಗಿದೆ, ಬದಲಿಸಿ ಅಂದರು. ದಂಡೆಯ ಮೇಲೆ ವಿಜಯ, ಶಿವಾನಿ, ಕೆಂಚವ್ವ. ದೂರದಲ್ಲಿ ಭರಮಪ್ಪ, ಚೀಲ ಎದೆಗೆ ಹಿಡಿದು.

"ಹಳೇದು ತೋರಸ್ರಿ."

ಕೊಟ್ಟಿಗೆಯಿಂದ ನಾನೇ ಹೊತ್ತು ತಂದಿದ್ದೆ. ಚೀಲ ಸರಿಸಿದರು. ಕೂತು ನೋಡಿದರು. ಬೆರಳಿನಿಂದ ತಂತಿ ಮುಟ್ಟಿದರು, ಮೂರು ಸುತ್ತು ಎಣಿಸಿದರು.

"ಇದನ್ನ ಯಾರು ಬಿಗದಿದ್ರು?"

ಕೆಂಚವ್ವ ಗದ್ದ ಎತ್ತಿ ಭರಮಪ್ಪನ ಕಡೆ ತೋರಿಸಿದಳು. "ಅಗಾ, ನಿಂತಾನಲ್ರಿ. ಸುದ್ದ ಮನಷ್ಯಾರಂಗ ನಿಂತಾನ."

ವಿಜಯ ಅಂದಳು, "ಬಾ ಇಲ್ಲಿ. ಮುಟ್ಟಿ ನೋಡು."

ಭರಮಪ್ಪ ಬಂದ. ಕೂತ. ತಂತಿ ಮುಟ್ಟಿದ. ತಲೆ ಮೇಲೆತ್ತದೆ, "ನಾನ ಇರಬೇಕ್ರಿ ಅಕ್ಕಾರ" ಅಂದ.

"ಅವ ಅಲ್ಲ," ಅಂದೆ. "ನಾ ಬಿಗದದ್ದು."

ನನ್ನ ಧ್ವನಿ ನನಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎಂಟು ವರ್ಷದ ಹಿಂದಿನ ಗಾಳಿ, ಕಳೆದ ಕ್ಲಿಪ್, ಬೈಂಡಿಂಗ್ ವಾಯರ್, ಎಲ್ಲ ಹೇಳಿದೆ. ಹೇಳುವಾಗ ನೀರಿನ ಕಡೆ ನೋಡುತ್ತಿದ್ದೆ.

ಕೆಂಚವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಯಪ್ಪಾ ಶಿವನ. ನನ್ನ ಶಾಪ ನಿನಗ ಹತ್ತಿತಲ್ಲೋ ಯಣ್ಣಾ."

ಭರಮಪ್ಪ ಎದ್ದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. "ಮೂರ ತಿಂಗಳ, ಕಾಡಪ್ಪಣ್ಣ," ಅಂದ. "ಮೂರ ತಿಂಗಳ ನಾ ನನ್ನ ಕೈ ನೋಡಿಕೋತ ಕುಂತೇನಿ."

ಚೀಲ ಹೆಗಲಿಗೆ ಹಾಕಿದ. ವರದಾ ಅವರು ತಡೆದರು. "ನೀವು ಹೋಗಬ್ಯಾಡ್ರಿ. ನಿಮಗ ಕೆಲಸ ಅದ ಇಲ್ಲಿ." ಆಮೇಲೆ ನಮ್ಮೆಲ್ಲರ ಕಡೆ ನೋಡಿ, "ಉಳಿದದ್ದು ನಿಮ್ಮ ಮನೀದು. ಯಾರರೆ ಟೇಪು ಹಿಡೀರಿ, ಹಲಗಿ ಅಳತಿ ತಗೋಬೇಕು" ಅಂದರು.

ಶಿವಾನಿ ಟೇಪು ಹಿಡಿದಳು. ವಿಜಯ ಮನೆಗೆ ಹೋದಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಡಿಸೆಂಬರ್ 16

ವಿಜಯ ನನ್ನ ಜೊತೆ ಮಾತಾಡುವುದಿಲ್ಲ. ತಾಟಿನಲ್ಲಿ ಬಡಿಸಿ, ಮೇಲೊಂದು ತಾಟು ಮುಚ್ಚಿ, ಹೊಸ್ತಿಲ ಹತ್ತಿರ ಇಟ್ಟು ಹೋಗುತ್ತಾಳೆ. ರೊಟ್ಟಿ ಬಿಸಿ ಇರುತ್ತದೆ. ಬಿಸಿ ಯಾಕೆ ಅಂತ ಸಿಟ್ಟು ಬರುತ್ತದೆ.

ಡಿಸೆಂಬರ್ 18

ಹೊಸ ಹಲಗೆ, ಹೊಸ ಮೋಟರ್. ಕೂರಿಸಿದ್ದು ಭರಮಪ್ಪ. ನನ್ನ ಹತ್ತಿರ ಪಾನಾ ಕೂಡ ಕೇಳಲಿಲ್ಲ, ಶಿವಾನಿಯನ್ನು ಕೇಳಿದ.

ಡಿಸೆಂಬರ್ 19, ಎಳ್ಳ ಅಮಾಸಿ, ಹತ್ತೂವರೆ. ದಂಡೆಯ ಮೇಲೆ

ಮೊದಲ ಟ್ರಿಪ್ ಹೋಯಿತು. ವಿಜಯ, ಕೆಂಚವ್ವ, ಇನ್ನೂ ನಾಲ್ವರು, ಚರಗದ ಬುಟ್ಟಿ. ದೋಣಿ ಹತ್ತು ಅಂತ ನನಗೆ ಯಾರೂ ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ. ನಾನೇ ದಂಡೆಯಲ್ಲಿ ಉಳಿದೆ.

ದೋಣಿ ಬಿಡುವ ಮುಂಚೆ ಶಿವಾನಿ ಇಳಿದು ಬಂದಳು. ಕೈಗೆ ದಾರ ಕಟ್ಟುತ್ತಲೇ ಮಾತಾಡಿದಳು.

"ಅವ್ವ ಒಂದ ಕೇಳಿಕೊಂಡ ಬಾ ಅಂದಾಳ. ತಂತಿ ಬಿಗದದ್ದಲ್ಲ. ಅದು ತಿಳೀಲಾರದ ಆಗಿದ್ದು. ನಾವೆಲ್ಲಾ ಭರಮಪ್ಪಗ ಬೈಯುವಾಗ ನೀ ಹೆಂಗ ಸುಮ್ಮ ಕುಂತಿದ್ದಿ, ಅದನ್ನ ಹೇಳಬೇಕಂತ. ಇವರನ್ನ ಇಳಿಸಿ ಬರತೇನಿ. ಬರೂದ್ರಾಗ ಉತ್ತರ ಕೂಡಿಸಿ ಇಟ್ಟುಕೋ."

ಹೊಸ ಮೋಟರಿಗೆ ಹೋಗಲು ಹನ್ನೆರಡು ನಿಮಿಷ, ಬರಲು ಹನ್ನೆರಡು. ಅದಕ್ಕೇ ಡೈರಿ ತೆಗೆದೆ.

ಹೆದರಿದ್ದೆ. ಖರೇ, ಆದರೆ ಅದಲ್ಲ.

ವಿಜಯಳಿಗೆ ಇನ್ನೂ ನೋವಾಗುತ್ತದೆ ಅಂತ. ಸುಳ್ಳು.

ಹೇಳಬೇಕು ಅಂದುಕೊಂಡೆ, ದಿನ ಹೋದ ಹಾಗೆ ಕಷ್ಟವಾಯಿತು. ಇದೂ ಸುಳ್ಳಲ್ಲ. ಇದೂ ಅದಲ್ಲ.

ಸುಮ್ಮನೆ ಕೂತಿರಲಿಲ್ಲ ನಾನು. ಅದು ಆಕೆಗೆ ಗೊತ್ತಿಲ್ಲ. ಎಲ್ಲರೂ ಬೈಯುವಾಗ ನಾನೂ ಒಳಗೊಳಗೇ ಬೈಯುತ್ತಿದ್ದೆ. ಈ ಡೈರಿಯಲ್ಲೂ ಬೈದಿದ್ದೇನೆ, ಯಾರೂ ನೋಡದ ಜಾಗದಲ್ಲಿ. ನಾಟಕ ಅಲ್ಲ. ಅವನು ಯಾಕೆ ನೋಡಲಿಲ್ಲ, ಅವನು ಯಾಕೆ ತೆಗೆಯಲಿಲ್ಲ ಅಂತ ಖರೇನೇ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಇದ್ದಷ್ಟು ಹೊತ್ತು ತಂತಿ ಬಿಗಿದ ಕೈ ನನ್ನದಲ್ಲ ಅನ್ನಿಸುತ್ತಿತ್ತು. ಚೆನ್ನಾಗಿ ಊಟ ಸೇರುತ್ತಿತ್ತು. ಅದು

ಸಪ್ಪಳ ಕೇಳುತ್ತಿದೆ. ದೋಣಿ ತಿರುಗಿದೆ, ಬರುತ್ತಿದ್ದಾಳೆ.

ಇದನ್ನು ಹೇಳಿದರೆ ದೋಣಿಗೆ ಹತ್ತಿಸಿಕೊಳ್ಳುತ್ತಾಳೋ ಇಲ್ಲವೋ. ಹೇಳದೆ ಹತ್ತಲಾರೆ. ಬೇರೆ ಮಾತು ಹಚ್ಚಿ ಶುರು ಮಾಡಬಾರದು. ಸೀದಾ ಅದೇ. ಮೋಟರ್ ಸಣ್ಣ ಮಾಡಿದಳು. ಮೊದಲ ಮಾತು ಹೀಗಿರಲಿ — ಶಿವಾನಿ, ನನಗೆ ಭರಮಪ್ಪನ ಮೇಲೆ